ಚಟ್ನಿ ಡಬ್ಬಿ ಮತ್ತು ಉಪಗ್ರಹ

ನಮ್ಮ ಕಾಕಾನಿಗೆ ಆಕಾಶದ ಉಪಗ್ರಹಗಳೆಲ್ಲ ಗುರುತು. ತಮ್ಮ ಕನ್ನಡಕ ಎಲ್ಲಿದೆ ಎಂಬುದೊಂದನ್ನು ಬಿಟ್ಟು, ಭೂಮಿಯ ಮೇಲಿನ ಏನನ್ನು ಬೇಕಾದರೂ ಹುಡುಕಬಲ್ಲರು! ಕನ್ನಡಕವನ್ನು ಕಾಕಿಯೇ ಹುಡುಕಬೇಕು, ಕಿಟಕಿಯ ಸಂದಿಯಿಂದಲೋ ಎಮ್ಮೆಯ ಗೋದಲಿಯಿಂದಲೋ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪುಣೆಯ ಗೆಳೆಯನೊಬ್ಬ ಕಾಕಾನಿಗೆ ಅಂಗೈಯಗಲದ ಜಿಪಿಎಸ್ ಯಂತ್ರ ಕೊಟ್ಟ. ಜೊತೆಗೊಂದು ಆಟದ ಹುಚ್ಚನ್ನೂ ಅಂಟಿಸಿದ. ಎಲ್ಲಾದರೂ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿಗೆ ಹಾಕಬೇಕು. ಯಾರು ಬೇಕಾದರೂ ಯಂತ್ರ ಹಿಡಿದು ಬಂದು ಹುಡುಕಬಹುದು. ಒಳಗಿನದನ್ನು ತೆಗೆದುಕೊಂಡು ತನ್ನದೇನಾದರೂ ಇಟ್ಟು ಹೋಗಬೇಕು.

ಗೋಕಾಕದ ಹತ್ತಿರದ ಅವರ ಊರು ಮೇಲವಂಕಿಯ ಬದಿಗೆ, ಬ್ರಾಡ್‌ಗೇಜ್ ಬಂದಮೇಲೆ ಹಳಿ ಕಿತ್ತ ಹಳೆಯ ರೈಲು ದಾರಿಯಿತ್ತು. ಈಗ ಅದು ಹೊಲಕ್ಕೆ ಹೋಗುವ ಕಾಲುದಾರಿ. ಅಲ್ಲಿನ ಬನ್ನಿ ಮರದ ಪೊಟರೆಯಲ್ಲಿ ಕಾಕಾ ಡಬ್ಬಿ ಇಟ್ಟರು. ಒಳಗೊಂದು ಗಾಜಿನ ಗೋಲಿ. ನೀಲಿಯದೆಂದು ನನ್ನ ನೆನಪು. ಆದರೆ ಮರೆತದ್ದಕ್ಕೆ ತಾನೇ ಬಣ್ಣ ಬಳಿಯುವ ನೆನಪು ನನ್ನದು! ಡಬ್ಬಿ ಮಾತ್ರ ಖಚಿತ: ಕಾಕಿಯ ಶೇಂಗಾ ಚಟ್ನಿಯದು.

ಯಾರು ಬರಬೇಕು? ಮೇಲವಂಕಿಯಲ್ಲಿ ಯಾರ ಬಳಿ ಜಿಪಿಎಸ್ ಇತ್ತು? ಪ್ರತಿ ರವಿವಾರ ಕಾಕಾ ತಾವಿಟ್ಟದ್ದನ್ನು ತಾವೇ ಹುಡುಕಿ, ಅದೇ ಗೋಲಿ ನೋಡಿ, ಮೋರೆ ಇಳಿಬಿಟ್ಟು ಬರುತ್ತಿದ್ದರು.

ಒಮ್ಮೆ ನಮ್ಮೂರು ಹುಕ್ಕೇರಿಯಿಂದ ಹೋದ ನನ್ನನ್ನೂ ಕರೆದೊಯ್ದರು. ನೋಡಿದರೆ ಡಬ್ಬಿಗೆ ಅರಿಷಿಣ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ! ಬನ್ನಿ ಮರದಲ್ಲಿ ಏನಿಟ್ಟರೂ ನಮ್ಮ ಮಂದಿ ಸುಮ್ಮನೆ ಬಿಡುತ್ತಾರೆಯೇ? ಹೊಲಕ್ಕೆ ಹೊರಟಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಕೈಮುಗಿಯುತ್ತಿದ್ದಳು.

"ಯವ್ವಾ, ಅದನ್ನ ತಗದ ನೋಡ್ಬೇಕ," ಎಂದರು ಕಾಕಾ.

"ದೇವರ ಡಬ್ಬಿ ಯಾರರ ತಗಿತಾರೇನ್ರಿ? ಕಣ್ಣ ಹೋಗ್ತಾವ!"

ಸುದ್ದಿ ಕೇಳಿದ ಕಾಕಿ ರೊಟ್ಟಿ ಬಡಿಯುತ್ತಲೇ, "ನನ್ನ ಚಟ್ನಿ ಡಬ್ಬಿಗಿ ಊರ ಮಂದಿ ಕೈ ಮುಗಿತೈತಿ. ಇಷ್ಟ ವರ್ಷ ಚಟ್ನಿ ತಿಂದ್ರಿ, ನೀವ ಒಮ್ಮೆರ ಮುಗದ್ರೇನು?" ಎಂದರು.

ಕಾಕಾ ನಗಲಿಲ್ಲ. "ಒಬ್ಬರರ ಹುಡುಕಿದ್ರ ಸಾಕಿತ್ತ," ಎಂದು ಅರ್ಧ ರೊಟ್ಟಿ ಬಿಟ್ಟು ಎದ್ದರು. ಮರುದಿನವೇ ಡಬ್ಬಿಯನ್ನು ಅದೇ ದಾರಿಯಲ್ಲಿ ಬೇರೆಲ್ಲೋ ಬಚ್ಚಿಟ್ಟು, ಇಂಟರ್ನೆಟ್ಟಿಗೆ ಹೊಸ ಅಂಕಿ ಹಾಕಿಬಂದರು. ಎಲ್ಲಿಟ್ಟರೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮುಂದಿನ ಸಲ ನಾನು ಹೋದಾಗ ಕಾಕಾ ಬಾಗಿಲಲ್ಲೇ ಕುಣಿಯುತ್ತಿದ್ದರು. "ಯಾರೋ ಬಂದಿದ್ರಪಾ! ಗೋಲಿ ಒಯ್ದ ಇದನ್ನ ಇಟ್ಟಾರ!" ಅಂಗೈಯಲ್ಲಿ ಒಂದು ಅಂಗಿಯ ಗುಂಡಿ. "ಫಾರೆನ್ ಗುಂಡಿ! ನೋಡಿದ್ರ ಗೊತ್ತಾಗ್ತೈತಿ!" ಬಂದವರಿಗೆ ಧನ್ಯವಾದ ಬರೆಯಲು ಗೋಕಾಕದ ಸೈಬರ್ ಕೆಫೆಗೆ ಹೊರಟೇಬಿಟ್ಟರು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಕಾಕಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು. ದೇವರ ಜಗಲಿಯ ಮೇಲೆ, ದೀಪದ ಬದಿಗೆ, ಗಾಜಿನ ಗೋಲಿ. ನೀಲಿಯಲ್ಲ, ಹಸಿರು.

"ಯಂತ್ರ ಇಲ್ದ ಹೆಂಗ ಹುಡುಕಿದ್ರಿ ಕಾಕಿ?"

"ಮೆಲ್ಲಕ ಮಾತಾಡೋ! ಮನ್ಯಾಗ ಕನ್ನಡಕ ಕಿಡಕಿ ಸಂದ್ಯಾಗ ಇಡ್ತಾರ, ಅಲ್ಲಿ ಡಬ್ಬಿ ರೈಲ ದಾರಿ ಮೋರಿ ಕಲ್ಲಿನ ಸಂದ್ಯಾಗ ಇಟ್ಟಿದ್ರ. ಅವರ ಕೈ ಎಲ್ಲಿ ಹೋಗ್ತೈತಿ ನನಗ ಗೊತ್ತಿಲ್ಲೇನ?"

ಎಣ್ಣೆಯ ಬಟ್ಟಲು ಬದಿಗೆ ಸರಿಸಿ, ದನಿ ತಗ್ಗಿಸಿದರು.

"ಬರೂ ತಿಂಗಳ ಏನಿಡ್ಲಿ, ನೀನರ ಹೇಳು. ಆ ಗುಂಡಿ ಅವರ ಹಳೇ ಅಂಗೀದ. ಮತ್ತ ಅದನ್ನ ಇಟ್ರ ಗುರ್ತ ಹಿಡಿದಾರು."