ಸ್ಯೂಸ್ ದೇವರ ಹುಣಸೆಹಣ್ಣಿನ ಸ್ನಾನ

ಮಾನ್ಯ ಓದುಗರೇ, ಗಲ್ಫ್ ನಾಡಿನ ಅಲ್ ಖುವೈರಿನಲ್ಲಿ ಕಾರು ನಿಲ್ಲಿಸಲು ಜಾಗ ಕೊಡೆಂದು ಗ್ರೀಕ್ ದೇವರನ್ನು ಬೇಡುವ ಮೈಸೂರಿನವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಅಕ್ಕನ ಗಂಡ! ಜಾಗ ಸಿಕ್ಕರೆ ದೇವರ ಕೃಪೆ, ಸಿಗದಿದ್ದರೆ, "ಪಾಪ, ಅವನಿಗಿನ್ನೂ ಕನ್ನಡ ಬರಲ್ಲ!"

ಕಟ್ಟಡ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದ ಭಾವನಿಗೆ ಇಬ್ರಾದ ಸೂಕ್ ಎಂಬ ಸಂತೆಯಲ್ಲಿ, ತುಕ್ಕು ಹಿಡಿದ ಬೀಗಗಳ ನಡುವೆ, ಪ್ರಾಚೀನ ತಾಮ್ರದ ನಾಣ್ಯವೊಂದು ದೊರೆತಿತ್ತು. ಒಂದು ಮಗ್ಗುಲಲ್ಲಿ ಗುಂಗುರು ಗಡ್ಡದ ಸ್ಯೂಸ್, ಗ್ರೀಕರ ದೇವರಾಜ. ಇನ್ನೊಂದರಲ್ಲಿ ಸಿಡಿಲಿನ ಮೇಲೆ ನಿಂತ ಅವನ ಹದ್ದು. ಅಂದಿನಿಂದ ಸ್ಯೂಸ್ ಭಾವನ ಜೇಬಿನ ಕಾಯಂ ನಿವಾಸಿ.

"ಇದು ಈ ನೆಲದ ಸ್ವತ್ತು, ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವುದೇ ನ್ಯಾಯ" ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಸಕಲ ಅಸ್ತ್ರಗಳನ್ನೂ ನಾನು ಪ್ರಯೋಗಿಸಿದೆ.

"ಇರಪ್ಪಾ, ಅವನಿನ್ನೂ ಪ್ರೊಬೇಷನ್‌ನಲ್ಲಿದ್ದಾನೆ" ಎಂದರು ಭಾವ.

ಅಕ್ಕ ಅಡುಗೆಮನೆಯಿಂದಲೇ ಗುಡುಗಿದಳು: "ರೀ, ಆ ಗಡ್ಡದವನನ್ನ ದೇವರ ಗೂಡಿನ ಹತ್ರ ತಂದ್ರೆ ನೋಡಿ ಮತ್ತೆ!"

ಆಮೇಲೆ ತೈಲದ ಬೆಲೆ ಕುಸಿಯಿತು. ದಾರ್ಸೈಟಿನ ನಮ್ಮ ಕಟ್ಟಡದಲ್ಲಿ ಒಂದೊಂದೇ ಮನೆ ಖಾಲಿಯಾಗತೊಡಗಿತು. ಭಾವನ ಹೆಬ್ಬೆರಳಿಗೆ ನೆಮ್ಮದಿಯೇ ಇಲ್ಲ: ಲಿಫ್ಟಿನಲ್ಲಿ, ಸಿಗ್ನಲ್ಲಿನಲ್ಲಿ, ಅನ್ನ ಕಲಸುವ ಮುನ್ನ, ಅದು ಸ್ಯೂಸ್‌ನ ಗಡ್ಡ ಸವರುತ್ತಲೇ ಇರುತ್ತಿತ್ತು. ಕೆಲಸ ಉಳಿಯುವುದೇ ಎಂದು ಕೇಳಿದರೆ ನಾಣ್ಯಗಳ ಪುಸ್ತಕ ತೆರೆದು, ರೋಮನ್ ನಾಣ್ಯದ ಮೇಲಿನ ಎರಡು ಮುಖದ ದೇವರು ಜಾನಸ್‌ನನ್ನು ತೋರಿಸುವರು.

"ನಮ್ಮ ಮ್ಯಾನೇಜರ್ರು! ಮುಂದಿನ ಮುಖ 'ನೋ ಪ್ರಾಬ್ಲಮ್' ಅನ್ನುತ್ತೆ, ಹಿಂದಿನ ಮುಖ ನಮ್ಮ ಟಿಕೆಟ್ ಬುಕ್ ಮಾಡ್ತಿರುತ್ತೆ!"

ಕೆಲಸದ ತೀರ್ಮಾನ ಹೊರಬೀಳಲಿದ್ದ ಗುರುವಾರ ಭಾವ ಕಾರಿನಿಂದಲೇ ಕರೆ ಮಾಡಿದರು: "ಜೇಬಲ್ಲಿ ಸ್ಯೂಸ್ ಇಲ್ಲ ಕಣೇ!"

"ಮನೇಲಿದ್ದಾನೆ. ನೀವು ಬೇಗ ಆಫೀಸಿಗೆ ಹೊರಡಿ, ಯಲ್ಲಾ!" ಎಂದಳು ಅಕ್ಕ.

ಸಂಜೆ ಬಂದವರು ಬಾಗಿಲಲ್ಲೇ ನಿಂತು, "ಖಲಾಸ್" ಎಂದರು. ಅಷ್ಟೇ.

ಆಗ ಅವರ ಕಣ್ಣು ದೇವರ ಗೂಡಿನತ್ತ ಹೋಯಿತು. ನಂದಾದೀಪದ ಪಕ್ಕದಲ್ಲಿ, ಹಣೆಗೆ ಕುಂಕುಮ ಧರಿಸಿ, ಹೊಸ ಚೊಂಬಿನಂತೆ ಸ್ಯೂಸ್ ಥಳಥಳಿಸುತ್ತಿದ್ದ! ಪೂಜೆಯ ಪಾತ್ರೆಗಳ ಜೊತೆಗೆ ಅಕ್ಕ ಅವನನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ಶತಮಾನಗಳ ಹಸಿರು ಪದರ ಹೋಗಿತ್ತು, ಗಡ್ಡವೂ ಹೋಗಿತ್ತು.

"ಅಕ್ಕಾ! ಇತಿಹಾಸವನ್ನೇ ಅಳಿಸಿಬಿಟ್ಟೆಯಲ್ಲ!"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಮ್ಮ ದೇವರಿಗೆಲ್ಲ ಕೇಳ್ಕೊಂಡಾಗಿತ್ತು. ಇವನೊಬ್ಬ ಉಳಿದಿದ್ದ. ಕೊಳೆ ಮೈಯಲ್ಲೇ ಹೇಗೆ ಕೂರಿಸಲಿ?"

ಭಾವ ನಾಣ್ಯವನ್ನು ಅಂಗೈಯಲ್ಲಿ ಇಟ್ಟುಕೊಂಡರು. "ಪಾಪ, ಅವನಿಗೆ ಯಾರಾದರೂ ಸ್ನಾನ ಮಾಡಿಸಿ ಎಷ್ಟು ಕಾಲವಾಗಿತ್ತೋ." ಅವರ ಹೆಬ್ಬೆರಳು ಸುಮ್ಮನಿತ್ತು.

ಊರಿಗೆ ಹೊರಡುವ ಮೊದಲು ಅವರೇ ಅದನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ನಿಮಗೂ ಹಳೆಯ ನಾಣ್ಯ ಸಿಕ್ಕರೆ ದಯವಿಟ್ಟು ತೊಳೆಯದೆ, ಇದ್ದಂತೆಯೇ ಅಲ್ಲಿಗೆ ತಲುಪಿಸಿ. ಅಲ್ಲಿ ಗಡ್ಡವಿಲ್ಲದೆ ಹೊಳೆಯುವ ಸ್ಯೂಸ್ ಒಬ್ಬ ಕಂಡರೆ ಮಾತ್ರ, ಅವನನ್ನು ತಿಕ್ಕಿದವರನ್ನು ಬೈಯಬೇಡಿ.