ಲೇಡೀಸ್ ಸೀಟಿಲ್ಲದ ಹಡಗು

ಕಣ್ಣಿಗೆ ಕಾಣದ ವಸ್ತುಗಳ ಮೇಲೆ ನನಗೆ ಹುಟ್ಟುವಷ್ಟು ಪ್ರೀತಿ ಕಂಡ ವಸ್ತುಗಳ ಮೇಲೆ ಎಂದೂ ಹುಟ್ಟಿಲ್ಲ. ನಮ್ಮ ಯಜಮಾನರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬಾರದು. ನಿಕಾಹ್ ಆಗುವವರೆಗೆ ಅವರನ್ನೂ ನಾನು ನೋಡಿರಲಿಲ್ಲ, ಆಗ ಅವರ ಮೇಲೂ ಬಹಳ ಪ್ರೀತಿಯಿತ್ತು. ಆದರೆ ಅವರಿಗಿಂತ ಮೊದಲು ನನ್ನ ಮನಸ್ಸು ಕದ್ದದ್ದು ಸಮುದ್ರ. ಎಪ್ಪತ್ತರ ದಶಕದ ತಿಕೋಟಾದಲ್ಲಿ, ಹಳ್ಳ ತುಂಬಿ ಹರಿದರೆ ಊರೆಲ್ಲ ಹೋಗಿ ನೋಡಿಬರುತ್ತಿದ್ದ ಕಾಲದಲ್ಲಿ, ನಾನು ಮುಂಬಯಿಯ ಹಡಗಿನ ಕಾಲೇಜು ಸೇರುತ್ತೇನೆಂದು ಹಟ ಹಿಡಿದಿದ್ದೆ.

ಇದಕ್ಕೆ ಅರ್ಧ ಕಾರಣ ನಮ್ಮ ಅಬ್ಬಾ. ಅವರು ಬಿಜಾಪುರ–ಹೊನವಾಡ ಬಸ್ಸಿನ ಡ್ರೈವರ್. ನಾನು ಬಿಜಾಪುರದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದುದರಿಂದ ದಿನಾ ಅವರ ಬಸ್ಸಿನಲ್ಲೇ ಓಡಾಟ, ಇಂಜಿನ್ನಿನ ಪಕ್ಕದ ಬೆಂಚಿನ ಮೇಲೆ. ಚಳಿಗಾಲದಲ್ಲಿ ರಸ್ತೆಯ ಎರಡೂ ಬದಿಗೆ ಬಿಳಿಜೋಳ ಎದೆಯೆತ್ತರ ನಿಂತಿರುತ್ತಿತ್ತು. ಗಾಳಿ ಬಂದರೆ ತೆನೆಗಳೆಲ್ಲ ಒಂದೇ ಕಡೆ ಬಾಗಿ, ಆ ಬಾಗು ಹೊಲದಿಂದ ಹೊಲಕ್ಕೆ ಸರಿದು, ಆಕಾಶ ನೆಲಕ್ಕೆ ತಾಕುವಲ್ಲಿ ಕರಗುತ್ತಿತ್ತು. ನಡುವೆ ಗಿಡವಿಲ್ಲ, ಗುಡ್ಡವಿಲ್ಲ. ಇಂಜಿನ್ನಿನ ಬಿಸಿಗೆ ಕಣ್ಣು ಅರೆಮುಚ್ಚಿದರೆ ಸಾಕು, ಬಸ್ಸು ಮೆಲ್ಲಗೆ ತೇಲತೊಡಗುತ್ತಿತ್ತು. ನಾನು ಬಿಳಿ ಸಮವಸ್ತ್ರ ತೊಟ್ಟು, ಹೆಸರಿಲ್ಲದ ಯಾವುದೋ ದ್ವೀಪದತ್ತ ಕೈ ತೋರಿಸುತ್ತಿದ್ದೆ. ಹಿಂದಿನಿಂದ ಯಾರದೋ ಕೋಳಿ ಕೂಗಿದಾಗ ತಿಕೋಟಾ ಬಂದಿರುತ್ತಿತ್ತು.

ಯಾರೋ ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯಲ್ಲಿ ಆ ಕಾಲೇಜಿನ ಜಾಹೀರಾತಿತ್ತು. ಅರ್ಜಿ ತರಿಸಿಕೊಂಡೆ. ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ, ಹಡಗಿನಲ್ಲಿ ಒಗೆದ ಬಟ್ಟೆ ಎಲ್ಲಿ ಒಣಹಾಕುತ್ತಾರೆ ಎಂದು. ಅಬ್ಬಾ ಅರ್ಜಿಯನ್ನು ತಿರುವಿ ತಿರುವಿ ನೋಡಿದರು. ಮನೆಯಲ್ಲಿ ನಮ್ಮದು ಉರ್ದು. ಆದರೆ ವಿಷಯ ಗಂಭೀರವಾದರೆ ಅಬ್ಬಾ ಬಸ್ಸಿನ ಭಾಷೆಗೆ ಬರುತ್ತಿದ್ದರು.

“ಹಡಗಕ್ಕ ಬ್ರೇಕ್ ಇರತೈತೇನು?”

ನನಗೆ ತಿಳಿಯದು ಎಂದೆ.

“ಬ್ರೇಕ್ ಇಲ್ಲದ ಗಾಡಿ ನಡಸಾಕ ಮಂದಿ ಕಾಲೇಜಿಗೆ ಹೋಗ್ತಾರಂದ್ರ ಅದರಾಗ ಏನೋ ಇರಬೇಕು,” ಎಂದು ಸಹಿ ಹಾಕಿದರು.

ಅರ್ಜಿಗೆ ಈಜು ಬರುತ್ತದೆಂಬ ಪ್ರಮಾಣಪತ್ರ ಬೇಕಿತ್ತು. ಈಜು ನನಗೆ ಚೆನ್ನಾಗಿ ಬರುತ್ತಿತ್ತು. ಅಜ್ಜಿಯ ಊರು ಮಮದಾಪುರದ ಕೆರೆಯಲ್ಲಿ, ಬೆನ್ನಿಗೆ ಒಣ ಕುಂಬಳಬುರುಡೆ ಕಟ್ಟಿ ಮಾಮಾ ಕಲಿಸಿದ್ದರು. ಪತ್ರ ಕೊಡಿರೆಂದು ನನ್ನ ಹೈಸ್ಕೂಲಿನ ಹೆಡ್ ಮಾಸ್ತರರನ್ನು ಕೇಳಿದೆ. ಕಣ್ಣಾರೆ ನೋಡದೆ ಅವರು ಏನಕ್ಕೂ ಸಹಿ ಹಾಕುವವರಲ್ಲ. ಒಂದು ಭಾನುವಾರ ಕೋಟು, ಕೊಡೆ ಸಮೇತ ಮಮದಾಪುರಕ್ಕೇ ಬಂದು ಕೆರೆಯ ಏರಿಯ ಮೇಲೆ ನಿಂತರು. ನಾನು ಸಲ್ವಾರ್ ಕಮೀಜಿನಲ್ಲೇ ನೀರಿಗಿಳಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು, ಎಮ್ಮೆಗಳು ದಾರಿ ಬಿಟ್ಟವು. ಆಚೆ ದಡ ಮುಟ್ಟಿ ತಿರುಗಿ ಬಂದಾಗ ಮಾಸ್ತರರು ಆಗಲೇ ಬರೆಯುತ್ತಿದ್ದರು: ‘ಅಭ್ಯರ್ಥಿಯು ಕೆರೆಯನ್ನು ಎರಡು ಸಲ ದಾಟಿದ್ದನ್ನು ನೋಡಿದ್ದೇನೆ. ಸಮುದ್ರದ ಬಗ್ಗೆ ನನಗೆ ತಿಳಿಯದು.’

ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. ವೈದ್ಯಕೀಯ ತಪಾಸಣೆಯ ಫಾರಂ ತುಂಬಿಸಿ ಕಳಿಸಿದರೆ ಮುಂಬಯಿಗೆ ಸಂದರ್ಶನಕ್ಕೆ ಕರೆಯುತ್ತಾರಂತೆ. ಫಾರಂ ಮೇಲೆ ‘ಶ್ರೀ ಶಮೀಮ್’ ಎಂದಿತ್ತು. ಶಮೀಮ್ ಎಂಬ ಹೆಸರು ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಅರ್ಜಿಯಲ್ಲಿ ಅದನ್ನು ಕೇಳುವ ಕಾಲಮ್ಮೇ ಇರಲಿಲ್ಲ. ಹಡಗು ಹತ್ತಲು ಹುಡುಗಿ ಬಂದಾಳೆಂದು ಆ ಫಾರಂ ಅಚ್ಚು ಹಾಕಿದವರಿಗೆ ಕನಸೂ ಬಿದ್ದಿರಲಿಕ್ಕಿಲ್ಲ.

ಅಬ್ಬಾ ಖಾಕಿ ಬಟ್ಟೆಯಲ್ಲೇ ನನ್ನನ್ನು ಬಿಜಾಪುರದ ಲೇಡಿ ಡಾಕ್ಟರರ ಬಳಿಗೆ ಕರೆದೊಯ್ದರು. ಡಾಕ್ಟರು ಕಣ್ಣು, ಕಿವಿ, ಎದೆ ಎಲ್ಲ ನೋಡಿ ಉತ್ತಮ, ಉತ್ತಮ ಎಂದು ಬರೆಯುತ್ತ ಹೋದವರು, ‘ಶ್ರೀ’ಯ ಹತ್ತಿರ ಬಂದು ಪೆನ್ನು ನಿಲ್ಲಿಸಿದರು.

“ಇದನ್ನ ಹಿಂಗ ಬಿಟ್ಟರ ನೀ ಮುಂಬಯಿ ತನಕಾ ಹೋಗ್ತಿ. ತಿದ್ದಿದರ ಬಹುಶಃ ಇಲ್ಲೇ ನಿಲ್ಲತೈತಿ. ಏನ್ ಮಾಡ್ಲಿ ಹೇಳು.”

ನಾನು ಅಬ್ಬಾನ ಮುಖ ನೋಡಿದೆ. ಅವರು, “ನನ್ನ ಕಡೆ ಏನ್ ನೋಡ್ತೀ ಬೇಟಿ? ಸ್ಟೇರಿಂಗ್ ನಿನ್ನ ಕೈಯಾಗ ಐತಿ,” ಎಂದರು.

ಕಿಟಕಿಯ ಆಚೆ ಟಾಂಗಾ ಕುದುರೆಗಳ ಗೆಜ್ಜೆ ಕೇಳುತ್ತಿತ್ತು. ಮುಂಬಯಿಯ ಬಂದರು, ನೀಲಿ ನೀರು, ಬಿಳಿ ಹಡಗು ಎಲ್ಲವೂ ಆ ಒಂದಕ್ಷರದ ಹಿಂದೆ ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಬೇರೆ ಯಾರೋ ಒಬ್ಬ ಶಮೀಮ್ ನಡೆದಾಡುತ್ತಿದ್ದ. ನಾನೆಲ್ಲೂ ಕಾಣಲಿಲ್ಲ. “ತಿದ್ದ್ರಿ,” ಎಂದೆ. ಸತ್ಯಕ್ಕಾಗಿ ಸಮುದ್ರವನ್ನೇ ಬಿಟ್ಟವಳೆಂದು ಆಮೇಲೆ ಬಹಳ ಜನರ ಮುಂದೆ ಹೇಳಿಕೊಂಡಿದ್ದೇನೆ. ಶ್ರೀ ಆದರೆ ಜಡೆ ಕತ್ತರಿಸಬೇಕಾದೀತೆಂಬ ಹೆದರಿಕೆಯೂ ಅದರಲ್ಲಿ ನಾಲ್ಕಾಣೆಯಷ್ಟಿತ್ತು ಎಂಬುದನ್ನು ಹೇಳಿರಲಿಲ್ಲ.

ಕಾಲೇಜಿನವರ ಉತ್ತರ ಈ ಸಲ ಬೇಗ ಬಂತು. ಎರಡೇ ಸಾಲು: ಮಹಿಳೆಯರಿಗೆ ಅವಕಾಶವಿಲ್ಲ, ವಿಷಾದಿಸುತ್ತೇವೆ. ಮರುದಿನ ಬಸ್ಸಿನಲ್ಲಿ ನಾನು ಜೋಳದ ಕಡೆ ನೋಡಲೇ ಇಲ್ಲ. ಹೊನವಾಡ ಬಂದರೂ ಇಳಿಯದೆ ಕುಳಿತಿದ್ದೆ. ನಿಜವಾಗಿ ನಾನು ತಿಕೋಟಾದಲ್ಲೇ ಇಳಿಯಬೇಕಿತ್ತು, ಅಬ್ಬಾನೂ ಅಲ್ಲಿ ನನ್ನನ್ನು ಎಬ್ಬಿಸದೆ ಬಸ್ಸು ಬಿಟ್ಟಿದ್ದರು. ಪ್ರಯಾಣಿಕರೆಲ್ಲ ಇಳಿದ ಮೇಲೆ ಇಂಜಿನ್ ಬಂದ್ ಮಾಡಿ ಹೇಳಿದರು, “ಲೇಡೀಸ್ ಸೀಟೇ ಇಟ್ಟಿಲ್ಲ ಅವರು. ಎಂಥಾ ಗಾಡಿ ಇದ್ದೀತವ್ವಾ ಅದು.”

ಅಳುತ್ತಿದ್ದವಳಿಗೆ ನಗು ಬಂತು.

ಮುಂದೆ ನಾನು ಬಬಲೇಶ್ವರದಲ್ಲಿ ಭೂಗೋಳದ ಟೀಚರ್ ಆದೆ. ನಕಾಶೆಯ ನೀಲಿ ಭಾಗ ಬಂದಾಗಲೆಲ್ಲ ನನ್ನ ದನಿ ಬದಲಾಗುತ್ತಿತ್ತಂತೆ. ನನ್ನನ್ನು ಬೇಡವೆಂದು ಆ ಪತ್ರ ಟೈಪು ಮಾಡಿದ ಗುಮಾಸ್ತನನ್ನು ಪ್ರತಿ ವರ್ಷ ಹೊಸ ಹುಡುಗಿಯರ ಮುಂದೆ ನಿಲ್ಲಿಸಿ ಬೈಯುತ್ತಿದ್ದೆ. ಹೀಗೆ ಎಷ್ಟೋ ವರ್ಷ ಬೈದ ಮೇಲೆ, ಶಾಲೆಯ ಪ್ರವಾಸದಲ್ಲಿ ಕಾರವಾರಕ್ಕೆ ಹೋಗಿ, ಆ ಹುಡುಗಿಯರ ಜೊತೆಗೇ ಮೊದಲ ಸಲ ಸಮುದ್ರದ ಮೇಲೆ ಒಂದು ಲಾಂಚು ಹತ್ತಿದೆ. ದಡದಿಂದ ಒಂದು ಫರ್ಲಾಂಗೂ ಹೋಗಿರಲಿಲ್ಲ, ಹೊಟ್ಟೆ ಗಂಟಲಿಗೆ ಬಂತು. ಇಬ್ಬರು ಹುಡುಗಿಯರು ನನ್ನ ತಲೆ ಹಿಡಿದುಕೊಂಡರು, ಒಬ್ಬಳು ಬೆನ್ನು ಸವರಿದಳು, ಮಿಕ್ಕವರು ಸಮುದ್ರ ನೋಡಿದರು. ನಾನು ಕಂಡದ್ದು ಲಾಂಚಿನ ಅಂಚು ಮತ್ತು ಅದರ ಕೆಳಗಿನ ಎರಡು ಮೊಳ ನೀರು ಮಾತ್ರ. ಆ ಸ್ಥಿತಿಯಲ್ಲಿ, ಅಷ್ಟು ವರ್ಷಗಳ ಮೇಲೆ, ಆ ಗುಮಾಸ್ತನನ್ನು ಮನಸಾರೆ ಕ್ಷಮಿಸಿದೆ. ದಡಕ್ಕೆ ಬಂದು, ಮರಳಿನ ಮೇಲೆ ಕೂತು, ಒಂದು ಲೋಟ ನಿಂಬೆಹಣ್ಣಿನ ಶರಬತ್ತು ಕುಡಿದು ಸುಧಾರಿಸಿಕೊಂಡ ಮೇಲೆ ಆ ಕ್ಷಮೆಯನ್ನು ವಾಪಸ್ ತೆಗೆದುಕೊಂಡೆ.