ಓಕೆ ಹಾಕಿದ್ದು ನಾನೇ!

ಇನ್ನು ಮುಂದೆ ಹುಟ್ಟು ಗೊತ್ತಿಲ್ಲದ ಒಂದೇ ಒಂದು ಶಬ್ದವೂ ನನ್ನ ಬಾಯಿಂದ ಹೊರಬೀಳಕೂಡದು! ಕಳೆದ ತಿಂಗಳು ನಾನು ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ.

ಮಾಡಲು ನನಗೆ ಅಧಿಕಾರವೂ ಇತ್ತು ಅನ್ನಿ. ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ರೂಫ್ ನೋಡುವವನು ನಾನು. ನನ್ನನ್ನು ಏಮಾರಿಸಿ ಒಂದು ಕೊಂಬು, ಒಂದು ದೀರ್ಘ ಕೂಡ ಹೊರಗೆ ಹೋದದ್ದಿಲ್ಲ! ಹಾಳೆಯ ಮೇಲೆ ನಾನು 'ಓಕೆ' ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದೆನೆಂದರೆ ಮುಗಿಯಿತು. ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ, ಅದು ಅಚ್ಚಾಗಲೇಬೇಕು. ಇದು ನಮ್ಮ ಯಜಮಾನರ ಕಾನೂನು.

ಹಾಗಾಗಿ ಮೊದಲ ಸಂಶೋಧನೆಗೆ 'ಓಕೆ'ಯನ್ನೇ ಆರಿಸಿಕೊಂಡೆ. ದಿನಕ್ಕೆ ಐವತ್ತು ಸಲ ಬರೆಯುವ ಶಬ್ದ ಯಾರ ಮನೆಯ ಕೂಸು ಎಂದು ತಿಳಿಯದಿದ್ದರೆ ಹೇಗೆ? ಲೈಬ್ರರಿಯಲ್ಲಿ ಕೂತು ದಪ್ಪ ದಪ್ಪ ನಿಘಂಟುಗಳ ಧೂಳು ಕುಡಿದೆ. ಸೀನಿದೆ. ಜ್ಞಾನಿಯಾಗಿ ಮನೆಗೆ ಬಂದೆ.

ಮನೆಯಲ್ಲಿ ಹೆಂಡತಿ ಊಟದ ಮೇಜಿನ ಮುಂದೆ ಏನೋ ಬರೆಯುತ್ತಿದ್ದಳು. ಖಾಲಿ ಹಾಳೆ ಕಂಡರೆ ಬಿಡುವವಳಲ್ಲ ಅವಳು. ಅಂದು ಸಿಕ್ಕಿದ್ದು ಹೊಸದಾಗಿ ತೆರೆಯಲಿದ್ದ ಒಂದು ಕನ್ನಡಕದಂಗಡಿಯ ಕರಪತ್ರದ ಪ್ರೂಫ್. ಮುಂಬದಿಗೆ ನಾನು ಆಗಲೇ ಓಕೆ ಹಾಕಿಟ್ಟಿದ್ದೆ. ಹಿಂಬದಿ ಖಾಲಿ ಇತ್ತು, ಅವಳಿಗೆ ಅಷ್ಟೇ ಸಾಕು.

"ಕೇಳಿಲ್ಲಿ! ಸುಮಾರು ಇನ್ನೂರು ವರ್ಷದ ಹಿಂದೆ ಅಮೆರಿಕದ ಪತ್ರಿಕೆಯೋರು 'ಆಲ್ ಕರೆಕ್ಟ್', ಅಂದ್ರೆ 'ಎಲ್ಲ ಸರಿ' ಅನ್ನೋದನ್ನ ತಮಾಷೆಗೆ ಬೇಕಂತಲೇ 'ಓಲ್ ಕೊರೆಕ್ಟ್' ಅಂತ ತಪ್ಪು ತಪ್ಪಾಗಿ ಬರೆದು, ಅದರ ಮೊದಲಕ್ಷರ ಎರಡನ್ನ ಇಟ್ಕೊಂಡ್ರು. ಅದೇ ಓಕೆ! ಗ್ರೀಕರ ಮಾತು ಅಂತಾರೆ ಕೆಲವರು, ಅಲ್ಲಿನ ಬುಡಕಟ್ಟಿನೋರ ಮಾತು ಅಂತಾರೆ ಇನ್ನು ಕೆಲವರು. ಪಂಡಿತರು ಒಪ್ಪಲ್ಲ."

"ಹೌದಾ," ಎಂದಳು, ತಲೆಯೆತ್ತದೆ.

"ಅಂದ್ರೆ ತಪ್ಪು ಹಿಡಿಯೋ ನಾನು ದಿನಾ ಬರೆಯೋದೇ ಒಂದು ತಪ್ಪನ್ನ! ಹೇಗಿದೆ?"

"ಹುಟ್ಟಿದ್ದು ಎಲ್ಲಾದ್ರೂ ಇರಲಿ. ಅರ್ಥ ಗೊತ್ತಾ ನಿಮಗೆ?"

"ಒಪ್ಪಿಗೆ, ಸಮ್ಮತಿ, ಅನುಮೋದನೆ..."

"ಅದು ಪ್ರೆಸ್ಸಲ್ಲಿ. ಮನೇಲಿ ಬೇರೆ. ಪೇಪರ್ ಓದ್ತಾ ಓಕೆ ಅಂದ್ರೆ 'ಕೇಳಿಸಲಿಲ್ಲ'. ಎದ್ದು ಹೋಗ್ತಾ ಅಂದ್ರೆ 'ಕೇಳಿಸ್ತು, ಮಾಡಲ್ಲ'. ಎರಡು ಸಲ 'ಓಕೆ ಓಕೆ' ಅಂದ್ರೆ 'ಸಾಕು, ಬಾಯಿ ಮುಚ್ಚು'!"

ನಾನು ನೋಡಿದ ನಿಘಂಟುಗಳಲ್ಲಿ ಯಾರೂ ಇಷ್ಟು ನಿಖರವಾಗಿ ಬರೆದಿರಲಿಲ್ಲ! ಮಾತು ತಿರುಗಿಸದೆ ಗತಿಯಿರಲಿಲ್ಲ. "ಓಕೆ ಹಾಕೋ ಗತ್ತು ಹೆಂಗಿರುತ್ತೆ ತೋರಿಸ್ತೀನಿ, ನೋಡು," ಎಂದು ಅವಳ ಮುಂದಿದ್ದ ಹಾಳೆಯನ್ನು ಎಳೆದುಕೊಂಡೆ. ಕೆಂಪು ಸ್ಕೆಚ್ ಪೆನ್ನಿನಲ್ಲಿ, ರಾಜಮುದ್ರೆ ಒತ್ತುವ ಠೀವಿಯಲ್ಲಿ, ಅಂಗೈ ಅಗಲದ ಓಕೆ ಬರೆದೆ. ಸಹಿ ಹಾಕಿದೆ. ತಾರೀಖೂ ಹಾಕಿದೆ!

"ಅಯ್ಯೋ! ನಿಮಗೋಸ್ಕರವೇ ಬರೆದಿದ್ದು ಕಣ್ರೀ ಅದು. ಓದಿದ್ರಾ?"

"ಓಕೆ ಓಕೆ," ಎಂದು ಹಾಳೆಯನ್ನು ಬ್ಯಾಗಿಗೆ ತುರುಕಿದೆ.

ಮರುದಿನ ಅದನ್ನು ಪ್ರೆಸ್ಸಿನ ಟ್ರೇಗೆ ಹಾಕಿ, ಇಡೀ ದಿನ ಶಾಲೆಯ ಗಣಿತದ ಪುಸ್ತಕವೊಂದರಲ್ಲಿ ಮುಳುಗಿಹೋದೆ.

ಅದರ ಮರುದಿನ ಬೆಳಿಗ್ಗೆ ಪೇಪರ್ ಬಿಡಿಸಿದರೆ ಕರಪತ್ರ ಜಾರಿ ಬಿತ್ತು. ಮುಂಬದಿ ಮುತ್ತಿನ ಹಾಗಿತ್ತು. ಹೆಮ್ಮೆಯಿಂದ ತಿರುಗಿಸಿದೆ.

'ಕಣ್ಣಿದ್ದೂ ಕಾಣದವರಿಗೆ' ಎಂದು ದಪ್ಪಕ್ಷರದ ತಲೆಬರಹ. ಕೆಳಗೆ: 'ಬಚ್ಚಲಿನ ನಲ್ಲಿ ಸೋರುತ್ತಿದೆ. ಮೂರು ತಿಂಗಳಾಯಿತು, ಕಂಡಿಲ್ಲವೇ?' 'ಮಂಚದ ಕೆಳಗಿನ ಒಂಟಿ ಕಾಲುಚೀಲ ನಿಮ್ಮದೇ.' 'ಎದುರಿಗಿರುವ ವಸ್ತುವನ್ನು ಎಲ್ಲಿದೆ ಎಂದು ಕೇಳಬಾರದು.' ಹೀಗೆ ನಂಬರು ಹಾಕಿಕೊಂಡು ಸಾಗಿತ್ತು ನನ್ನ ಸಂಸಾರದ ಪುರಾಣ! ಮೂರು ಸಾವಿರ ಪ್ರತಿ!

ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಕರಪತ್ರವನ್ನು ಅಂಗಿಯೊಳಗೆ ತೂರಿಸಿಕೊಂಡು ಪ್ರೆಸ್ಸಿಗೆ ಓಡಿದೆ.

"ಏನಕ್ಕಾ ಇದು? ಕೈಬರಹದ್ದನ್ನ ಟೈಪ್ ಮಾಡಿ, ನನಗೊಂದು ಪ್ರೂಫೂ ತೋರಿಸದೆ ಅಚ್ಚಿಗೆ ಕಳಿಸಿಬಿಟ್ರಾ?" ಎಂದು ಕಂಪ್ಯೂಟರ್ ಮುಂದಿನ ಟೈಪಿಂಗ್ ಅಕ್ಕನ ಮೇಲೆ ಹಾರಿದೆ.

ಅಕ್ಕ ನಿಧಾನವಾಗಿ ಮೂಲ ಹಾಳೆ ತೆಗೆದು ನನ್ನ ಕೈಗಿಟ್ಟರು. "ಕೊನೇ ಗಳಿಗೇಲಿ ಹಿಂಬದಿ ಮ್ಯಾಟರ್ ಕೈಬರಹದಲ್ಲೇ ಬರೋದು ಇದೇ ಮೊದಲಾ? ಕನ್ನಡಕದಂಗಡಿ, ಕಣ್ಣಿನ ವಿಷಯ. ಮೇಲೆ ನಿಮ್ಮ ಓಕೆ, ಸಹಿ, ತಾರೀಖು. ನಾನ್ಯಾಕೆ ಕೇಳಲಿ?"

ಯಜಮಾನರು ಒಳಗಿಂದ ಬಂದರು. ಧ್ವನಿ ತಣ್ಣಗಿತ್ತು, ಅದೇ ಭಯ! "ಅಂಗಡಿಯೋರು ಬರ್ತಾ ಇದ್ದಾರೆ. ಇವತ್ತೇ ಅವರ ಅಂಗಡಿ ಮೊದಲ ದಿನ. ಉತ್ತರ ನೀವೇ ಕೊಡಿ. ಅವರು ಈ ಕರಪತ್ರ ಬೇಡ ಅಂದ್ರೆ, ನಾಳೆಯಿಂದ ನೀವೂ ಬೇಡ."

ಇಪ್ಪತ್ತೆರಡು ವರ್ಷದ ನೌಕರಿ! ಈ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಲಿ? ಕನ್ನಡಕದಂಗಡಿಯವರು ಒಂದು ಕಟ್ಟು ಕರಪತ್ರ ಹಿಡಿದು ಒಳಗೆ ನುಗ್ಗಿದರು. "ಇದನ್ನ ಬರೆದೋರು ಯಾರು?"

"ನ... ನನ್ನ ಹೆಂಡತಿ. ಓಕೆ ಹಾಕಿದ್ದು ನಾನೇ."

"ಅವರಿಗೆ ನನ್ನ ನಮಸ್ಕಾರ ತಿಳಿಸಿ! ಬಾಗಿಲು ತೆಗೆಯೋ ಮುಂಚೆನೇ ಕ್ಯೂ ಸ್ವಾಮಿ! ಒಬ್ಬೊಬ್ಬ ಹೆಂಗಸೂ ಒಂದು ಕೈಲಿ ಈ ಚೀಟಿ, ಇನ್ನೊಂದು ಕೈಲಿ ಗಂಡನ ತೋಳು ಹಿಡ್ಕೊಂಡು ನಿಂತಿದ್ದಾರೆ! 'ಇದರಲ್ಲಿರೋರು ಇವರೇ, ಮೊದಲು ಕಣ್ಣು ನೋಡಿ' ಅಂತಾರೆ. ಇನ್ನೂ ಎರಡು ಸಾವಿರ ಹಾಕಿ!"

ಹೋದ ಜೀವ ಬಂತು! ಯಜಮಾನರು ನಕ್ಕು ನನ್ನ ಬೆನ್ನು ತಟ್ಟಿದರು. ನಾನು ಕುರ್ಚಿಯಲ್ಲಿ ಕುಸಿದು ಒಂದು ಲೋಟ ನೀರನ್ನು ಗಟಗಟ ಕುಡಿದೆ. ಆ ನೀರಿನಷ್ಟು ರುಚಿಯಾದದ್ದನ್ನು ಜನ್ಮದಲ್ಲಿ ಕುಡಿದಿರಲಿಲ್ಲ.

ಆದರೆ ಮನೆಯ ಕೋರ್ಟು ಬಾಕಿ ಇತ್ತಲ್ಲ! ಸಂಜೆ ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಹೋದೆ. ಹೆಂಡತಿ ಪಕ್ಕದ ಮನೆಯಿಂದ ತಂದ ಕರಪತ್ರವನ್ನು ಹಿಡಿದು, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದಳು. ಊರಿಗೆಲ್ಲ ಮನೆಯ ಮಾತು ಹಂಚಿದ್ದಕ್ಕೆ ಕ್ಷಮೆ ಕೇಳಲು ಬಾಯಿ ತೆರೆದೆ.

"ಚೆನ್ನಾಗಿ ಬಂದಿದೆ ಕಣ್ರೀ," ಎಂದಳು.

ಇನ್ನೊಂದು ಸಲ ಜೀವ ಬಂತು! "ಮತ್ತೆ? ಯಾರು ಓಕೆ ಹಾಕಿದ್ದು? ಇಪ್ಪತ್ತೆರಡು ವರ್ಷದ ಅನುಭವ! ಒಂದು ತಪ್ಪು ಹುಡುಕು ನೋಡೋಣ!"

"ಏಳನೇದು ಎಲ್ಲಿ?"

"ಏಳನೇದಾ?"

"ನಾನು ಬರೆದಿದ್ದು ಏಳು. ಇಲ್ಲಿ ಆರೇ ಇದೆ."

ಬ್ಯಾಗಿನಿಂದ ಮೂಲ ಹಾಳೆ ತೆಗೆದು ನೋಡಿದೆ. ಏಳನೆಯ ಸಾಲು ಇರಬೇಕಾದ ಕಡೆ ನನ್ನ ಅಂಗೈ ಅಗಲದ ಕೆಂಪು ಓಕೆ ಕಾಲು ಚಾಚಿ ಮಲಗಿತ್ತು. ಹಾಳೆಯನ್ನು ದೂರ ಹಿಡಿದೆ, ಹತ್ತಿರ ಹಿಡಿದೆ, ದೀಪಕ್ಕೆ ಹಿಡಿದೆ. ಒಂದಕ್ಷರವೂ ಕಾಣಲಿಲ್ಲ.

"ಏನು ಬರೆದಿದ್ದೆ ಮಾರಾಯ್ತಿ?" ಎಂದು ಕೊನೆಗೆ ಸೋತು ಕೇಳಿದೆ.

"'ಇದ್ಯಾವುದೂ ಕಾಣುತ್ತಿಲ್ಲವಾದರೆ, ಮೊದಲು ನಿಮ್ಮ ಕಣ್ಣು ತೋರಿಸಿಕೊಂಡು ಬನ್ನಿ' ಅಂತ," ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿ, ನನ್ನ ತೋಳು ಹಿಡಿದಳು. "ನಡೀರಿ. ಕ್ಯೂ ಇನ್ನೂ ಇದೆಯಂತೆ."